ಮೈನಸ್ 58

ಮೂರು ವರ್ಷದ ಹಿಂದಿನ ಮಾತು. ಜೂನ್ ತಿಂಗಳು, ಶಾಲೆ ಆಗಷ್ಟೇ ಶುರುವಾಗಿತ್ತು. ಊಟ ಆದ ಮೇಲೆ ಬಲಗಡೆ ಪಕ್ಕೆಲುಬಿನ ಕೆಳಗೆ ಏನೋ ಹಿಡಿದುಕೊಂಡ ಹಾಗೆ ನೋವು. ಎರಡು ವಾರ ಗ್ಯಾಸ್ಟ್ರಿಕ್ ಮಾತ್ರೆ ನುಂಗಿದೆ, ಕಡಿಮೆ ಆಗಲಿಲ್ಲ. ಅರಸೀಕೆರೆಯಲ್ಲಿ ನಾವು ಯಾವಾಗಲೂ ತೋರಿಸುವ ಡಾಕ್ಟರು, ಪಿತ್ತಕೋಶದಲ್ಲಿ ಕಲ್ಲಿರಬಹುದು, ಒಂದು ಅಲ್ಟ್ರಾಸೌಂಡ್ ಮಾಡಿಸಿಬಿಡಿ ಅಂದರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಹಾಸನದ ಬಸ್ಸು ಹತ್ತಿದೆ. ದಾರಿಯಲ್ಲೇ ಒಂದು ಬಾಟಲಿ ನೀರು ಕುಡಿದೆ. ಮಧ್ಯಾಹ್ನದ ಪೀರಿಯಡ್ಡಿಗೆ ವಾಪಸ್ ಬರೋಕಾಗುತ್ತಾ ಅನ್ನೋದೇ ಅವತ್ತಿನ ಚಿಂತೆ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ.

ಸ್ಕ್ಯಾನಿಂಗ್ ಸೆಂಟರಿನ ಗೋಡೆ ಮೇಲೆ ಎಲ್ಲ ಕಡೆ ಇರುವ ಅದೇ ಬೋರ್ಡು, ಇಲ್ಲಿ ಭ್ರೂಣ ಲಿಂಗ ಪತ್ತೆ ಮಾಡುವುದಿಲ್ಲ ಅಂತ. ಅದರ ಕೆಳಗೆ ಕೂತಿದ್ದವರಲ್ಲಿ ಅರ್ಧಕ್ಕೂ ಜಾಸ್ತಿ ಬಸುರಿಯರು. ನನ್ನ ಸರದಿ ಬಂತು. ಹೊಟ್ಟೆ ಮೇಲೆ ತಣ್ಣನೆಯ ಜೆಲ್ ಹಾಕಿದರು. ಡಾಕ್ಟರಮ್ಮ ಆರಾಮಾಗಿ ಮಾತಾಡುತ್ತಿದ್ದರು. ಪಿತ್ತಕೋಶ ಕ್ಲೀನಾಗಿದೆ, ಕಲ್ಲೇನೂ ಇಲ್ಲ ಅಂದರು. ಆಮೇಲೆ ಆ ಕೈಯಲ್ಲಿನ ಪ್ರೋಬ್ ಬೆನ್ನಿನ ಕಡೆಗೆ ಸ್ವಲ್ಪ ಜಾರಿತು, ಅಲ್ಲಿಗೆ ಮಾತು ನಿಂತಿತು.

'ಉಸಿರು ಎಳೆದುಕೊಳ್ಳಿ. ಹಾಗೇ ಹಿಡಿದುಕೊಳ್ಳಿ. ಬಿಡಿ. ಇನ್ನೊಂದ್ಸಲ.'

ಅದೇ ಜಾಗ ಮತ್ತೆ ಮತ್ತೆ ನೋಡಿದರು. ಎಡಗಡೆ ತಿರುಗಿಸಿ ಮಲಗಿಸಿದರು. ಟಕ್, ಟಕ್ ಅಂತ ಕೀಲಿ ಒತ್ತುವ ಶಬ್ದ ಮಾತ್ರ. ನಾನು ಕತ್ತು ತಿರುಗಿಸಿ ಸ್ಕ್ರೀನ್ ನೋಡಿದೆ. ಬೂದು ಬಣ್ಣದ ಹುರುಳಿಕಾಳಿನ ಆಕಾರದ ಕಿಡ್ನಿ, ಅದರೊಳಗೆ ಒಂದು ಬೆಳ್ಳಗಿನ ಉಂಡೆ, ಸುಣ್ಣದ ಬೊಟ್ಟು ಇಟ್ಟ ಹಾಗೆ. ಅದರ ಎರಡು ತುದಿಗೆ ಎರಡು ಚಿಕ್ಕ ಪ್ಲಸ್ ಗುರುತು. ಆಮೇಲೆ ಒಂದಾದ ಮೇಲೊಂದು ಪ್ರಶ್ನೆ. ಮೂತ್ರದಲ್ಲಿ ಯಾವತ್ತಾದರೂ ರಕ್ತ ಹೋಗಿತ್ತಾ? ಬಿಪಿ ಇದೆಯಾ? ಚಿಕ್ಕವರಿದ್ದಾಗ ಫಿಟ್ಸ್ ಬರ್ತಿತ್ತಾ? ಮನೆಯಲ್ಲಿ ಯಾರಿಗಾದರೂ?

ಹೊಟ್ಟೆನೋವಿಗೂ ಫಿಟ್ಸಿಗೂ ಏನು ಸಂಬಂಧ ಅಂತ ನನಗೆ ಅರ್ಥವೇ ಆಗಲಿಲ್ಲ. ಎಲ್ಲದಕ್ಕೂ ಇಲ್ಲ ಅಂದೆ.

ರಿಪೋರ್ಟ್ ಕೈಗೆ ಬಂದಾಗ ಹಾಸನದ ಬಸ್‌ಸ್ಟ್ಯಾಂಡಿನಲ್ಲೇ ನಿಂತು ಓದಿದೆ. ಬಲ ಕಿಡ್ನಿಯ ನಡುಭಾಗದಲ್ಲಿ 2.3 ಸೆಂಟಿಮೀಟರಿನ ಹೈಪರ್‌ಎಕೋಯಿಕ್ ಲೀಶನ್, ಅಂದರೆ ಬೆಳ್ಳಗೆ ಕಾಣುವ ಗಂಟು, ಆಂಜಿಯೋಮಯೋಲೈಪೋಮಾ ಇರಬಹುದು, ಸಿಟಿ ಸ್ಕ್ಯಾನ್ ಮಾಡಿಸಿ ಖಚಿತ ಮಾಡಿಕೊಳ್ಳಿ. ಆ ಉದ್ದನೆಯ ಹೆಸರು ನೋಡಿಯೇ ಕೈ ತಣ್ಣಗಾಯಿತು. ಅರಸೀಕೆರೆಯ ಡಾಕ್ಟರು ಸಮಾಧಾನವಾಗಿಯೇ ಹೇಳಿದರು, ಇದು ಬಹುತೇಕ ಸಾದಾ ಗಡ್ಡೆ, ಕ್ಯಾನ್ಸರ್ ಅಲ್ಲ. ಆದರೆ ಅಲ್ಟ್ರಾಸೌಂಡಿನಲ್ಲಿ ಬೆಳ್ಳಗೆ ಕಂಡದ್ದೆಲ್ಲ ಸಾದಾ ಅಂತ ಹೇಳೋಕಾಗಲ್ಲ, ಚಿಕ್ಕ ಗಾತ್ರದ ಕಿಡ್ನಿ ಕ್ಯಾನ್ಸರ್ ಕೂಡ ಕೆಲವೊಮ್ಮೆ ಹಾಗೇ ಬೆಳ್ಳಗೆ ಕಾಣುತ್ತೆ, ಅದಕ್ಕೇ ಸಿಟಿ ಬೇಕು.

ನನ್ನ ಕಿವಿಗೆ ಬಿದ್ದದ್ದು ಎರಡೇ ಮಾತು. ಗಡ್ಡೆ, ಕ್ಯಾನ್ಸರ್. 'ಅಲ್ಲ' ಅನ್ನೋ ಪದ ಎಲ್ಲೋ ಉದುರಿಹೋಯಿತು. ಮನೆಗೆ ಬಂದು ಯಜಮಾನರಿಗೆ ಹೇಳಿದೆ. ಅತ್ತೆಗೆ ಹೇಳಬಾರದು ಅಂದುಕೊಂಡಿದ್ದೆವು, ಆದರೆ ಅವರಿಗೆ ನನ್ನ ಮುಖ ನೋಡಿಯೇ ಗೊತ್ತಾಯಿತು. ಅರಸೀಕೆರೆ ಹತ್ತಿರದ ಬೆಟ್ಟದ ಮೇಲಿರುವ ಮಾಲೇಕಲ್ಲು ತಿರುಪತಿಗೆ ಹರಕೆ ಕಟ್ಟಿಕೊಂಡರು. ರಾತ್ರಿ ಮಲಗಿದರೆ ಬಲಗಡೆ ಏನೋ ಭಾರ ಇದ್ದ ಹಾಗೆ ಅನಿಸುತ್ತಿತ್ತು. ಹಿಂದಿನ ವಾರದವರೆಗೆ ಅಲ್ಲಿ ಒಂದು ಕಿಡ್ನಿ ಇದೆ ಅನ್ನೋದೇ ನೆನಪಿರಲಿಲ್ಲ.

ಸಿಟಿಗೆ ಮುಂಚೆ ರಕ್ತಪರೀಕ್ಷೆ. ಕಿಡ್ನಿ ಹೇಗೆ ಕೆಲಸ ಮಾಡ್ತಿದೆ ಅಂತ ತೋರಿಸುವ ಕ್ರಿಯಾಟಿನಿನ್ 0.8 ಬಂತು. ಅದು ಸರಿ ಇದ್ದರೆ ಮಾತ್ರ ಕಾಂಟ್ರಾಸ್ಟ್ ಇಂಜೆಕ್ಷನ್, ಅಂದರೆ ಚಿತ್ರದಲ್ಲಿ ರಕ್ತನಾಳ ಎದ್ದು ಕಾಣುವ ಹಾಗೆ ಮಾಡುವ ಔಷಧಿ, ಕೊಡೋದು, ಯಾಕಂದರೆ ಆ ಅಯೋಡಿನ್ ಔಷಧಿಯನ್ನು ಹೊರಗೆ ಹಾಕಬೇಕಾದ್ದೂ ಕಿಡ್ನಿಯೇ ಅಲ್ವಾ. ಅಲರ್ಜಿ ಇದೆಯಾ, ಆಸ್ತಮಾ ಇದೆಯಾ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ತಗೋತೀರಾ ಅಂತೆಲ್ಲ ಕೇಳಿ ಒಂದು ಫಾರಂಗೆ ಸಹಿ ಹಾಕಿಸಿಕೊಂಡರು. ಮೊಣಕೈ ಒಳಗಡೆ ಸೂಜಿ ಚುಚ್ಚಿ ಟ್ಯೂಬ್ ಜೋಡಿಸಿದರು. ಮೆಷಿನ್ ಅಂದರೆ ಗುಹೆ ಥರ ಏನೂ ಅಲ್ಲ, ನಡುವೆ ತೂತಿರುವ ದೊಡ್ಡ ಚಕ್ರ ಅಷ್ಟೇ, ಅದರೊಳಗೆ ಮಂಚ ಹೋಗಿ ಬರುತ್ತೆ. ರೆಕಾರ್ಡ್ ಮಾಡಿದ ಒಂದು ಧ್ವನಿ ಹಿಂದಿಯಲ್ಲಿ ಉಸಿರು ಹಿಡಿದುಕೊಳ್ಳಲು ಹೇಳುತ್ತಿತ್ತು. ನನ್ನ ಮುಂಚೆ ಒಳಗೆ ಹೋಗಿದ್ದ ಅಜ್ಜಿಗೆ ಅದು ಅರ್ಥವಾಗದೆ ಮೂರು ಸಲ ತೆಗೆಯಬೇಕಾಯಿತಂತೆ. ಹಾಸನದಲ್ಲಿ ಕೂತು ಕನ್ನಡದಲ್ಲಿ ಹೇಳೋಕೆ ಏನು ಕಷ್ಟ, ನನಗೆ ಇವತ್ತಿಗೂ ಬೇಜಾರಿದೆ.

ಔಷಧಿ ಒಳಗೆ ಹೋದ ಕ್ಷಣ ಗಂಟಲಿನಿಂದ ಬಿಸಿ ಇಳಿಯಲು ಶುರುವಾಯಿತು. ಎದೆ, ಹೊಟ್ಟೆ, ತೊಡೆ. ಬಾಯಲ್ಲಿ ತಾಮ್ರದ ಚೊಂಬು ನೆಕ್ಕಿದ ಹಾಗೆ ರುಚಿ. ಮೂತ್ರ ಹೋಗಿಯೇಬಿಟ್ಟಿತು ಅನಿಸುತ್ತೆ. ಹೋಗಿರಲ್ಲ. ಇದನ್ನು ಮೊದಲೇ ಹೇಳಿದ್ದರೆ ನಾನು ಅಷ್ಟು ಗಾಬರಿ ಆಗುತ್ತಿರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಒಂದು ನಿಮಿಷದೊಳಗೆ ಎಲ್ಲ ಇಳಿದುಹೋಯಿತು.

ಎರಡು ದಿನ ಬಿಟ್ಟು ರಿಪೋರ್ಟ್ ಬಂತು. ಕಾಂಟ್ರಾಸ್ಟ್ ಹೀರಿಕೊಳ್ಳುವ 2.3 ಸೆಂ.ಮೀ. ಗಡ್ಡೆ, ರೀನಲ್ ಸೆಲ್ ಕಾರ್ಸಿನೋಮಾ ತಳ್ಳಿಹಾಕಲಾಗದು. ಅಂದರೆ ಕಿಡ್ನಿ ಕ್ಯಾನ್ಸರ್. ತೋರಿಸಿದ ಸರ್ಜನ್ ಒಳ್ಳೆಯ ಮನುಷ್ಯ, ಒರಟಾಗಿ ಮಾತಾಡಲಿಲ್ಲ. ಪೂರ್ತಿ ಕಿಡ್ನಿ ತೆಗೆಯೋದು ಬೇಡ, ಆ ಭಾಗ ಮಾತ್ರ ಕತ್ತರಿಸಿ ತೆಗೆಯಬಹುದು, ಲ್ಯಾಬಿಗೆ ಕಳಿಸಿದರೆ ಏನು ಅಂತ ಗೊತ್ತಾಗುತ್ತೆ ಅಂದರು. ಮುಂದಿನ ತಿಂಗಳಿಗೆ ದಿನ ನೋಡೋಣ ಅಂತ ಮಾತಾಯಿತು. ನಾನು ತಲೆ ಆಡಿಸಿದೆ. ಬೇರೆ ಏನು ಕೇಳಬೇಕು ಅಂತ ಗೊತ್ತಿದ್ದರೆ ತಾನೇ ಕೇಳೋದು.

ಇಲ್ಲಿ ನನ್ನ ಅದೃಷ್ಟ ಕೈ ಹಿಡಿಯಿತು. ಹತ್ತು ವರ್ಷದ ಹಿಂದೆ ನನ್ನ ಹತ್ತಿರ ಎಸ್ಸೆಸ್ಸೆಲ್ಸಿ ಓದಿದ ಹುಡುಗ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಸಿಟಿ ಟೆಕ್ನಿಷಿಯನ್. ಅವನ ತಾಯಿಗೆ ಸಂತೆಯಲ್ಲಿ ವಿಷಯ ಗೊತ್ತಾಗಿ, ಅವನು ರಾತ್ರಿ ಫೋನ್ ಮಾಡಿದ. ಮೊದಲ ಪ್ರಶ್ನೆಯೇ, 'ಮಿಸ್, ಸಿಡಿ ಇಸ್ಕೊಂಡ್ರಾ?' ನನ್ನ ಹತ್ತಿರ ಇದ್ದದ್ದು ರಿಪೋರ್ಟು ಮತ್ತು ದೊಡ್ಡ ಕವರಿನಲ್ಲಿ ಎರಡು ಫಿಲ್ಮು. ಫಿಲ್ಮಿನಲ್ಲಿ ಅವರು ಆರಿಸಿದ ಕೆಲವು ಚಿತ್ರ ಮಾತ್ರ ಇರುತ್ತೆ, ಸಿಡಿಯಲ್ಲಿ ಎಲ್ಲ ಇರುತ್ತೆ, ಕೇಳಿ ತಗೊಳ್ಳಿ ಅಂದ. ಮಾರನೇ ದಿನ ಯಜಮಾನರು ಹೋಗಿ ಕೇಳಿದರು. ಸುಮ್ನೆ ಕೊಟ್ಟರು. ಕೇಳದಿದ್ದರೆ ಕೊಡುತ್ತಿರಲಿಲ್ಲ, ಅಷ್ಟೇ.

ಶನಿವಾರ ಅರ್ಧ ದಿನ ರಜೆ ಹಾಕಿ ಬೆಂಗಳೂರಿನ ರೈಲು ಹತ್ತಿದೆವು. ಹುಡುಗ ತನ್ನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಚಿತ್ರ ಓದುವ ಡಾಕ್ಟರು, ರೇಡಿಯಾಲಜಿಸ್ಟ್ ಹತ್ತಿರ ಕರೆದುಕೊಂಡು ಹೋದ. ಕತ್ತಲು ಕೋಣೆ, ಎರಡು ದೊಡ್ಡ ಸ್ಕ್ರೀನು. ಅವರು ಸಿಡಿ ಹಾಕಿ ಮೌಸಿನ ಚಕ್ರ ತಿರುಗಿಸುತ್ತಾ ಹೋದರು. ನನ್ನ ಹೊಟ್ಟೆ ಮೇಲಿಂದ ಕೆಳಗೆ ಬಿಲ್ಲೆ ಬಿಲ್ಲೆಯಾಗಿ ಓಡುತ್ತಿತ್ತು. ನಿಂತರು. 'ಕಾಂಟ್ರಾಸ್ಟ್ ಕೊಡೋಕೆ ಮುಂಚೆ ತೆಗೆದ ಪ್ಲೇನ್ ಚಿತ್ರ ಎಲ್ಲಿ?' ಅಂದರು. ಇರಲಿಲ್ಲ. ಬರೀ ಕಾಂಟ್ರಾಸ್ಟ್ ಕೊಟ್ಟ ಮೇಲಿನದ್ದು, ಅದೂ ಐದೈದು ಮಿಲಿಮೀಟರಿನ ದಪ್ಪ ಬಿಲ್ಲೆಗಳು. ಇದರಲ್ಲಿ ನಿಮ್ಮ ಪ್ರಶ್ನೆಗೆ ಉತ್ತರವೇ ಇಲ್ಲ ಅಂದರು.

ನಾನು ಗಣಿತದ ಟೀಚರ್ ಅಂತ ಹುಡುಗ ಹೇಳಿದ್ದ. ಅದಕ್ಕೋ ಏನೋ ಅವರು ಕುರ್ಚಿ ಎಳೆದು ಪಕ್ಕದಲ್ಲೇ ಕೂರಿಸಿಕೊಂಡರು.

ಸಿಟಿ ಚಿತ್ರದಲ್ಲಿ ಒಂದೊಂದು ಚುಕ್ಕಿಗೂ ಒಂದು ಸಂಖ್ಯೆ ಇದೆ. ಆ ಜಾಗ ಎಕ್ಸ್-ರೇಯನ್ನು ಎಷ್ಟು ತಡೆಯುತ್ತೆ ಅನ್ನೋ ಲೆಕ್ಕ ಅದು. ನೀರು ಅಂದರೆ ಸೊನ್ನೆ. ಗಾಳಿ ಅಂದರೆ ಮೈನಸ್ 1000. ಮೂಳೆ ಪ್ಲಸ್ ಕಡೆ ನೂರಾರು. ಮಾಂಸ, ಲಿವರ್, ಕಿಡ್ನಿ ಎಲ್ಲ ಸೊನ್ನೆಯ ಮೇಲೆ. ಕೊಬ್ಬು ಮಾತ್ರ ಸೊನ್ನೆಯ ಕೆಳಗೆ, ಮೈನಸ್ 100ರ ಆಸುಪಾಸು. ಇದಕ್ಕೆ ಹೌನ್ಸ್‌ಫೀಲ್ಡ್ ಯೂನಿಟ್ ಅನ್ನುತ್ತಾರೆ. ಗಾಡ್‌ಫ್ರೀ ಹೌನ್ಸ್‌ಫೀಲ್ಡ್ ಡಾಕ್ಟರಲ್ಲ, ಇಎಂಐ ಕಂಪನಿಯಲ್ಲಿದ್ದ ಎಂಜಿನಿಯರ್. 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಅವರ ಮೆಷಿನ್ನಿನಿಂದ ಮೊದಲ ರೋಗಿಯ ತಲೆಯ ಸ್ಕ್ಯಾನ್ ತೆಗೆದರು, 1979ರಲ್ಲಿ ಅಲನ್ ಕಾರ್ಮ್ಯಾಕ್ ಜೊತೆ ಅವರಿಗೆ ನೊಬೆಲ್ ಬಂತು. ಏಳನೇ ಕ್ಲಾಸಿಗೆ ನಾನು ಬೋರ್ಡಿನ ಮೇಲೆ ಸಂಖ್ಯಾರೇಖೆ ಎಳೆಯುತ್ತೇನಲ್ಲ, ನಡುವೆ ಸೊನ್ನೆ, ಬಲಕ್ಕೆ ಪ್ಲಸ್, ಎಡಕ್ಕೆ ಮೈನಸ್, ಅದೇ ಗೆರೆಯ ಮೇಲೆ ಮನುಷ್ಯನ ಇಡೀ ಮೈ ಕೂತಿದೆ.

ಆಂಜಿಯೋ ಅಂದರೆ ರಕ್ತನಾಳ, ಮಯೋ ಅಂದರೆ ಸ್ನಾಯು, ಲೈಪೋ ಅಂದರೆ ಕೊಬ್ಬು. ಈ ಮೂರೂ ಸೇರಿ ಆದ ಗಡ್ಡೆ ಅದು. ಹೆಂಗಸರಲ್ಲೇ ಜಾಸ್ತಿ. ಕಿಡ್ನಿ ಗಡ್ಡೆಯೊಳಗೆ ನಿಜವಾದ ಕೊಬ್ಬು ಸಿಕ್ಕಿ, ಕ್ಯಾಲ್ಸಿಯಂ ಸೇರಿ ಸುಣ್ಣಗಟ್ಟಿದ ಚೂರು ಇಲ್ಲದಿದ್ದರೆ, ಅದು ಹೆಚ್ಚುಕಡಿಮೆ ಆಂಜಿಯೋಮಯೋಲೈಪೋಮಾನೇ. ಕ್ಯಾನ್ಸರಿನಲ್ಲಿ ಕೊಬ್ಬು ಸಿಗೋದು ತೀರಾ ಅಪರೂಪ, ಸಿಕ್ಕರೂ ಸಾಮಾನ್ಯವಾಗಿ ಸುಣ್ಣದ ಅಂಶವೂ ಜೊತೆಗಿರುತ್ತೆ. ಹಾಗಾಗಿ ಹುಡುಕಬೇಕಾದ್ದು ಒಂದೇ, ಮೈನಸ್ ಸಂಖ್ಯೆ. ಮೈನಸ್ 10ಕ್ಕಿಂತ ಕೆಳಗೆ ಹೋದರೆ ಕೊಬ್ಬು ಅಂತ ಲೆಕ್ಕ.

'ಮತ್ತೆ ಇದರಲ್ಲಿ ಯಾಕೆ ಸಿಗಲಿಲ್ಲ?' ಅಂದೆ.

'ನಿಮ್ಮ ಕ್ಲಾಸಿನ ಸರಾಸರಿ ತೆಗೀತೀರಲ್ಲ ಮೇಡಂ, ಹಾಗೆ' ಅಂದರು. ದಪ್ಪ ಬಿಲ್ಲೆಯಲ್ಲಿ ಒಂದು ಚುಕ್ಕಿ ಅಂದರೆ ಐದು ಮಿಲಿಮೀಟರ್ ಆಳದ ಸರಾಸರಿ. ಅದರಲ್ಲಿ ಚೂರು ಕೊಬ್ಬಿದೆ, ಪಕ್ಕದಲ್ಲೇ ರಕ್ತನಾಳ ಇದೆ. ಕಾಂಟ್ರಾಸ್ಟ್ ಕೊಟ್ಟಾಗ ರಕ್ತನಾಳದ ಸಂಖ್ಯೆ ಏಕದಂ ಮೇಲೇರುತ್ತೆ. ಒಬ್ಬ ನೂರಕ್ಕೆ ತೊಂಬತ್ತು ತೆಗೆದರೆ, ಪಕ್ಕದ ಬೆಂಚಿನಲ್ಲಿ ಐದು ತೆಗೆದವನು ಸರಾಸರಿಯಲ್ಲಿ ಕಾಣೋದೇ ಇಲ್ಲ. ನನ್ನ ಗಡ್ಡೆಯಲ್ಲಿ ಕೊಬ್ಬು ಕಡಿಮೆ, ಚೂರು ಚೂರಾಗಿ ಹರಡಿದೆ ಅಂತ ಅವರ ಅನುಮಾನ. ತೆಳ್ಳಗಿನ ಬಿಲ್ಲೆಗಳು ಬೇಕು, ಇಂಜೆಕ್ಷನ್ ಬೇಡ. ಅದರಲ್ಲೂ ಸಿಗದಿದ್ದರೆ ಎಂಆರ್‌ಐ, ಅದರಲ್ಲೂ ಗೊತ್ತಾಗದಿದ್ದರೆ ಸೂಜಿಯಿಂದ ಚೂರು ತೆಗೆದು ಬಯಾಪ್ಸಿ. ಇನ್ನೂ ಒಂದು ವಿಷಯ ಮುಚ್ಚಿಡದೆ ಹೇಳಿದರು. ಆಂಕೋಸೈಟೋಮಾ ಅಂತ ಇನ್ನೊಂದು ಸಾದಾ ಗಡ್ಡೆ ಇದೆ, ಅದನ್ನು ಚಿತ್ರ ನೋಡಿ ಕ್ಯಾನ್ಸರಿನಿಂದ ಬೇರೆ ಮಾಡೋದು ನಂಬಿಕೆಯ ಕೆಲಸವಲ್ಲ, ಆಪರೇಷನ್ ಆದ ಮೇಲೆ ಗೊತ್ತಾಗೋದೇ ಜಾಸ್ತಿ. ನಾಲ್ಕು ಸೆಂಟಿಮೀಟರಿಗಿಂತ ಚಿಕ್ಕ ಗಡ್ಡೆ ಅಂತ ಆಪರೇಷನ್ ಮಾಡಿ ತೆಗೆದದ್ದರಲ್ಲಿ ಸುಮಾರು ಐದರಲ್ಲಿ ಒಂದು ಕೊನೆಗೆ ಸಾದಾ ಅಂತಲೇ ಬರುತ್ತೆ. ಆದ್ದರಿಂದ ನಿಮ್ಮ ಸರ್ಜನ್ ಹೇಳಿದ್ದು ತಪ್ಪಲ್ಲ, ಅವರ ಕೈಗೆ ಸಿಕ್ಕ ಚಿತ್ರ ಸಾಲದು.

ನನಗೆ ಎಕ್ಸ್-ರೇಯ ಭಯ ಇತ್ತು. ವಾರದ ಹಿಂದಷ್ಟೇ ಒಂದು ಸಿಟಿ ಆಗಿದೆ, ಮತ್ತೆ ಇನ್ನೊಂದಾ? ಹೊಟ್ಟೆಯ ಒಂದು ಸಿಟಿಗೆ ಸುಮಾರು 8 ಮಿಲಿಸೀವರ್ಟ್ (ವಿಕಿರಣದ ಅಳತೆ), ಮಣ್ಣು, ಗಾಳಿ, ಆಕಾಶದಿಂದ ಎಲ್ಲರಿಗೂ ವರ್ಷಕ್ಕೆ ಸರಾಸರಿ 2.4 ಹೇಗೂ ಬರುತ್ತೆ, ಇವತ್ತು ಕಿಡ್ನಿ ಇರುವಷ್ಟೇ ಜಾಗ ತೆಗೆಯೋದರಿಂದ ಅದಕ್ಕಿಂತ ಕಡಿಮೆ ಅಂದರು. ಕಿಡ್ನಿಯ ಭಾಗ ಕತ್ತರಿಸಿಕೊಳ್ಳೋದಕ್ಕಿಂತ ಇದು ಎಷ್ಟೋ ವಾಸಿ ಅನಿಸಿತು.

ಹತ್ತು ನಿಮಿಷದಲ್ಲಿ ಮುಗಿಯಿತು. ಸೂಜಿ ಇಲ್ಲ, ಬಿಸಿ ಇಲ್ಲ. ಉಸಿರು ಹಿಡಿಯಲು ನನ್ನ ಹುಡುಗನೇ ಮೈಕಿನಲ್ಲಿ ಕನ್ನಡದಲ್ಲಿ ಹೇಳಿದ. ಒಂದು ಕಾಲದಲ್ಲಿ ಮಗ್ಗಿ ತಪ್ಪಿದ್ದಕ್ಕೆ ನಾನು ನಿಲ್ಲಿಸಿದ್ದ ಹುಡುಗ, ಗಾಜಿನ ಆ ಕಡೆ ನಿಂತು 'ಉಸಿರು ತಗೊಳ್ಳಿ ಮಿಸ್, ಹಿಡ್ಕೊಳ್ಳಿ' ಅಂದಾಗ ಕಣ್ಣು ತುಂಬಿ ಬಂತು.

ಮತ್ತೆ ಆ ಕತ್ತಲು ಕೋಣೆ. ಈಗ ಬಿಲ್ಲೆಗಳು ಒಂದೂವರೆ ಮಿಲಿಮೀಟರ್. ಬೂದು ಕಿಡ್ನಿಯೊಳಗೆ ಗಡ್ಡೆ ಇನ್ನೂ ಸ್ವಲ್ಪ ಬೇರೆ ಬೂದು. ಅದರ ಒಂದು ಅಂಚಿನಲ್ಲಿ ಎಳ್ಳುಕಾಳಿನಷ್ಟು ಕಪ್ಪು ಚುಕ್ಕಿಗಳು, ಅವುಗಳ ನಡುವೆ ಹೆಸರುಕಾಳಿನಷ್ಟು ದೊಡ್ಡದು ಒಂದು. ಅಲ್ಟ್ರಾಸೌಂಡಿನಲ್ಲಿ ಸುಣ್ಣದಂತೆ ಬೆಳ್ಳಗೆ ಕಂಡಿದ್ದ ಕೊಬ್ಬು ಇಲ್ಲಿ ಕಪ್ಪಗೆ ಕಾಣುತ್ತೆ. ಅಲ್ಲಿ ಶಬ್ದವನ್ನು ಜಾಸ್ತಿ ವಾಪಸ್ ಕಳಿಸುತ್ತೆ, ಇಲ್ಲಿ ಎಕ್ಸ್-ರೇಯನ್ನು ಸುಲಭವಾಗಿ ಬಿಟ್ಟುಕೊಡುತ್ತೆ. ಅವರು ಮೊದಲು ನನ್ನ ಚರ್ಮದ ಕೆಳಗಿನ ಕೊಬ್ಬಿನ ಮೇಲೆ ಮೌಸಿನಿಂದ ಒಂದು ಸಣ್ಣ ವೃತ್ತ ಎಳೆದರು. ಮೈನಸ್ 104. ಲಿವರ್ ಮೇಲೆ ಎಳೆದರು. ಪ್ಲಸ್ 56. ಕಿಡ್ನಿಯ ಒಳ್ಳೆಯ ಭಾಗದ ಮೇಲೆ, ಪ್ಲಸ್ 32. ಆಮೇಲೆ ವೃತ್ತವನ್ನು ತೀರಾ ಚಿಕ್ಕದು ಮಾಡಿ ಆ ಹೆಸರುಕಾಳಿನ ಮೇಲೆ ಇಟ್ಟರು.

ಮೈನಸ್ 58.

ಪಕ್ಕದ ಬಿಲ್ಲೆಗೆ ಹೋದರು, ಮೈನಸ್ 51. ಇನ್ನೊಂದು, ಮೈನಸ್ 44. ಸುಣ್ಣದ ಚೂರು ಎಲ್ಲೂ ಇಲ್ಲ. 'ಕೊಬ್ಬು ಮೇಡಂ. ಆಂಜಿಯೋಮಯೋಲೈಪೋಮಾ. ಆಪರೇಷನ್ ಬೇಡ' ಅಂದರು. ಯಜಮಾನರು ಎದ್ದು ನಿಂತು ಅವರಿಗೆ ಕೈ ಮುಗಿದರು. ನಾನು ಸ್ಕ್ರೀನಿನ ಮೇಲಿನ ಆ ಚಿಕ್ಕ ಅಡ್ಡಗೆರೆಯನ್ನೇ ನೋಡುತ್ತಾ ಕೂತಿದ್ದೆ. ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಮೈನಸ್ ಗುರುತು ಮರೀಬೇಡಿ, ಮರೀಬೇಡಿ ಅಂತ ಹೇಳಿಕೊಂಡು ಬಂದವಳು ನಾನು.

ಆ ಫಿಟ್ಸಿನ ಪ್ರಶ್ನೆಯನ್ನೂ ಅಲ್ಲೇ ಕೇಳಿದೆ. ಟ್ಯೂಬರಸ್ ಸ್ಕ್ಲೀರೋಸಿಸ್ ಅಂತ ಒಂದು ಹುಟ್ಟಿನಿಂದ ಬರುವ ಕಾಯಿಲೆ ಇದೆ, ಅದರಲ್ಲಿ ಚಿಕ್ಕ ವಯಸ್ಸಿನಿಂದಲೇ ಫಿಟ್ಸ್ ಬರಬಹುದು, ಮುಖದ ಮೇಲೆ ಸಣ್ಣ ಗುಳ್ಳೆ ಆಗುತ್ತೆ, ಎರಡೂ ಕಿಡ್ನಿಯಲ್ಲಿ ಇಂಥ ಗಡ್ಡೆ ಹಲವಾರು ಇರುತ್ತೆ. ನನಗೆ ಇದ್ದದ್ದು ಒಂದೇ, ಒಂದೇ ಕಡೆ. ಮಗಳು ಫೋನಿನಲ್ಲಿ 'ನನಗೂ ಬರುತ್ತಾ ಅಮ್ಮ?' ಅಂತ ಕೇಳಿದ್ದಳು. ಹೀಗೆ ಒಂಟಿಯಾಗಿ ಬರೋದು ಮನೆತನದಲ್ಲಿ ಹರಿಯಲ್ಲ ಅಂತ ಅವಳಿಗೆ ಆಸ್ಪತ್ರೆಯ ಮೆಟ್ಟಿಲ ಮೇಲಿಂದಲೇ ಹೇಳಿದೆ.

ಹಾಗಂತ ಪೂರ್ತಿ ಮರೆಯೋ ಹಾಗಿಲ್ಲ. ಈ ಗಡ್ಡೆಯ ತೊಂದರೆ ಕ್ಯಾನ್ಸರ್ ಅಲ್ಲ, ರಕ್ತಸ್ರಾವ. ಅದರೊಳಗಿನ ರಕ್ತನಾಳಗಳು ಗಟ್ಟಿಯಿಲ್ಲ. ನಾಲ್ಕು ಸೆಂಟಿಮೀಟರ್ ದಾಟಿದರೆ, ಅಥವಾ ಒಳಗಿನ ನಾಳ ಐದು ಮಿಲಿಮೀಟರಿಗಿಂತ ಜಾಸ್ತಿ ಉಬ್ಬಿದ್ದರೆ ಹುಷಾರಾಗಿರಬೇಕು. ಆಗಲೂ ನೇರವಾಗಿ ಕತ್ತರಿ ಹಾಕಬೇಕಾಗಿಲ್ಲ, ತೊಡೆಯ ಅಥವಾ ಕೈಯ ರಕ್ತನಾಳದಿಂದ ಸಣ್ಣ ಕೊಳವೆ ಕಳಿಸಿ ಗಡ್ಡೆಗೆ ರಕ್ತ ಹೋಗುವ ದಾರಿಯನ್ನೇ ಮುಚ್ಚಬಹುದು. ಪಕ್ಕೆಯಲ್ಲಿ ಏಕಾಏಕಿ ಜೋರು ನೋವು, ತಲೆಸುತ್ತು, ಬೆವರು ಬಂದರೆ ಬೆಳಗಾಗಲಿ ಅಂತ ಕಾಯದೆ ಎಮರ್ಜೆನ್ಸಿಗೆ ಹೋಗಿ ಗಡ್ಡೆ ಇದೆ ಅಂತ ಮೊದಲು ಹೇಳಬೇಕು. ಬಸುರಿನಲ್ಲಿ ಇದು ಬೆಳೆಯುವ ಸಾಧ್ಯತೆ ಇದೆಯಂತೆ. ನನಗೆ ಆ ವಯಸ್ಸು ದಾಟಿತ್ತು, ಆದರೆ ಮುಟ್ಟು ನಿಲ್ಲುವ ಸಮಯಕ್ಕೆ ಯಾರಾದರೂ ಹಾರ್ಮೋನ್ ಮಾತ್ರೆ ಬರೆದರೆ ಈ ವಿಷಯ ಹೇಳಿ ಅಂದರು.

ಸಿಟಿ ತೆಗೆದ ಹಾಸನದ ಆ ಸೆಂಟರಿನ ಮೇಲೆ ಕೋಪ ಇದೆಯಾ ಅಂತ ಕೇಳಿದರೆ, ಇದೆ. ಕಿಡ್ನಿಯ ಗಡ್ಡೆ ನೋಡಲು ಅಂತ ಚೀಟಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ಕಾಂಟ್ರಾಸ್ಟಿಗೆ ಮುಂಚೆ ಒಂದು ಸಲ ಪ್ಲೇನ್ ತೆಗೆಯಲು ಅರ್ಧ ನಿಮಿಷ ಸಾಕು. ಆ ಅರ್ಧ ನಿಮಿಷ ಬಿಟ್ಟದ್ದಕ್ಕೆ ನಮ್ಮ ಮನೆಯಲ್ಲಿ ಮೂರು ವಾರ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಕಿಡ್ನಿಯಲ್ಲಿ ಗಡ್ಡೆ ಅಂತ ಯಾರಾದರೂ ಹೇಳಿದರೆ, ಸಿಟಿಗೆ ಹೋಗುವಾಗ ಒಂದೇ ಒಂದು ಪ್ರಶ್ನೆ ಕೇಳಿ, ಪ್ಲೇನ್ ಕೂಡ ತೆಗೀತೀರಲ್ವಾ ಅಂತ. ಬರುವಾಗ ಸಿಡಿ ಕೇಳಿ ತಗೊಳ್ಳಿ. ಇಷ್ಟು ನನಗೆ ಯಾರೂ ಹೇಳಿರಲಿಲ್ಲ. ಮೊದಲು ಅಲ್ಟ್ರಾಸೌಂಡ್ ಮಾಡಿದ ಡಾಕ್ಟರಮ್ಮ ಮಾತ್ರ ಸರಿಯಾಗಿಯೇ ಬರೆದಿದ್ದರು, ಈಗಲೂ ಅವರ ಹತ್ತಿರವೇ ಹೋಗುತ್ತೇನೆ.

ಆರು ತಿಂಗಳಿಗೆ ಒಂದು ಸಲ, ಆಮೇಲೆ ವರ್ಷಕ್ಕೊಂದು ಸಲ ಅಲ್ಟ್ರಾಸೌಂಡ್. ಮೊದಲ ಸಲ 2.3, ಮುಂದಿನ ಸಲ 2.5. ಬೆಳೀತಾ ಇದೆ ಅಂತ ಮತ್ತೆ ನಿದ್ದೆ ಹೋಯಿತು. ಪ್ರೋಬ್ ಸ್ವಲ್ಪ ವಾಲಿದರೂ ಒಂದೆರಡು ಮಿಲಿಮೀಟರ್ ವ್ಯತ್ಯಾಸ ಬರುತ್ತೆ, ಗೆರೆ ಎಳೆಯುವ ಕೈ ಮನುಷ್ಯರದ್ದೇ ಅಲ್ವಾ ಅಂತ ಡಾಕ್ಟರಮ್ಮ ಅದೇ ಗಡ್ಡೆಯನ್ನು ಅಲ್ಲೇ ಮೂರು ಸಲ ಅಳೆದು ತೋರಿಸಿದರು. 2.5, 2.4, 2.3. ಹೊಟ್ಟೆನೋವು ಏನಾಯಿತು ಅಂತ ಕೇಳುವವರಿಗೆ, ಅದು ಬರೀ ಅಸಿಡಿಟಿ, ಕಾಫಿ ಕಡಿಮೆ ಮಾಡಿದ ಮೇಲೆ ಹೋಯಿತು. ಅತ್ತೆಯ ಹರಕೆ ತೀರಿಸಲು ಬೆಟ್ಟ ಹತ್ತಿಬಂದೆವು.

ಈ ವರ್ಷದ ಸ್ಕ್ಯಾನ್ ಕಳೆದ ತಿಂಗಳು ಆಯಿತು. ಜೆಲ್ ಹಾಕಿ ಪ್ರೋಬ್ ಬಲಗಡೆಗೆ ಬಂದ ಕೂಡಲೇ ನಾನೇ ಕತ್ತು ತಿರುಗಿಸಿ ಆ ಬಿಳಿ ಬೊಟ್ಟು ಹುಡುಕಿದೆ. 'ಅಗೋ, ಅಲ್ಲಿದೆ' ಅಂದೆ. ಡಾಕ್ಟರಮ್ಮ ನಕ್ಕು, ಎರಡು ತುದಿಗೆ ಪ್ಲಸ್ ಗುರುತು ಇಟ್ಟು, 2.4 ಅಂತ ಬರೆದುಕೊಂಡರು.